ಪಾದದ ಮೇಲಿನ ಪಿಟೀಲು

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಸೂರಪ್ಪ ಎಂಬ ಗುರುಗಳು ಪಿಟೀಲು ಕಲಿಸುತ್ತಿದ್ದರು.

ಆಶ್ರಮ ಎಂದ ಮಾತ್ರಕ್ಕೆ ಜಿಂಕೆ, ನವಿಲು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಹೆಂಚಿನ ಒಂದು ಪಡಸಾಲೆ, ಒಂದು ಹುಣಸೆ ಮರ, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಜಿಂಕೆಗಳ ಬದಲು ಪಕ್ಕದ ಹಳ್ಳಿಯ ಆಡುಗಳು ಬಂದು ಹೋಗುತ್ತಿದ್ದವು.

ಪಡಸಾಲೆಯ ಗೋಡೆಯಲ್ಲಿ ಸೂರಪ್ಪನವರ ಗುರುಗಳ ಪಟವಿತ್ತು. ಅವರನ್ನು ಎಲ್ಲರೂ ದೊಡ್ಡ ಗುರುಗಳು ಎನ್ನುತ್ತಿದ್ದರು. ಪಟದ ಕೆಳಗೆ ಮಣೆಯ ಮೇಲೆ ಅವರು ಬಾಳಿನುದ್ದಕ್ಕೂ ನುಡಿಸಿದ ಪಿಟೀಲು.

ವರ್ಷಕ್ಕೊಮ್ಮೆ, ದೊಡ್ಡ ಗುರುಗಳು ತೀರಿಕೊಂಡ ತಿಥಿಯಂದು, ಅಲ್ಲಿ ಆರಾಧನೆ. ಆ ದಿನ ಬೇರೆ ಯಾವ ವಾದ್ಯ ದನಿ ತೆಗೆಯುವ ಮೊದಲೂ ಆ ಪಿಟೀಲು ನುಡಿಯಬೇಕು. ಅದು ಆಶ್ರಮದ ಪದ್ಧತಿ.

ಇಷ್ಟು ವರ್ಷ ಸೂರಪ್ಪನವರೇ ನುಡಿಸಿದ್ದರು. ಈಗ ಅವರ ಎಡಗೈ ಬೆರಳುಗಳು ಸೊಟ್ಟಗಾಗಿ ಬಿಗಿದುಕೊಂಡಿದ್ದವು. ತಂತಿಯ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತಿದ್ದವು.

ಆರಾಧನೆ ಹತ್ತಿರ ಬಂದಾಗ ಅವರು ಶಿಷ್ಯೆ ನಳಿನಿಯನ್ನು ಕರೆದರು.

"ಈ ಸಲ ನೀನು ನುಡಿಸಬೇಕು."

"ನಾನಾ?"

"ಆಡುಗಳನ್ನು ಕೇಳಿ ನೋಡಿದೆ. ಒಪ್ಪಲಿಲ್ಲ."

ನಳಿನಿ ನಗಲಿಲ್ಲ.

"ದೊಡ್ಡ ಗುರುಗಳ ಪಿಟೀಲು ನಾನು ಹೇಗೆ ನುಡಿಸಲಿ ಗುರುಗಳೇ?"

"ಕಮಾನಿನಿಂದ."

ಆಮೇಲೆ ಸೂರಪ್ಪನವರು ತಮಾಷೆ ಬಿಟ್ಟು ಹೇಳಿದರು. "ನೋಡಮ್ಮ, ನುಡಿಸಿದೆಯಾ, ಇದು ನಿನ್ನದು. ನಿನ್ನ ಕೈಲಿ ಆಗದಿದ್ದರೆ ಪಟ್ಟಣದ ಮ್ಯೂಸಿಯಂನ ತಾಂಡವಮೂರ್ತಿ ಅವತ್ತು ಬರ್ತಾರೆ, ಅವರಿಗೆ ಕೊಟ್ಟುಬಿಡ್ತೀನಿ. ತುಂಬ ದಿನದಿಂದ ಕೇಳ್ತಿದ್ದಾರೆ. ಗಾಜಿನ ಪೆಟ್ಟಿಗೆ ಮಾಡಿಸಿಟ್ಟಿದ್ದಾರಂತೆ. ಒಳ್ಳೆಯ ಮನುಷ್ಯ, ಜೋಪಾನವಾಗಿ ನೋಡ್ಕೋತಾರೆ."

"ಅಲ್ಲಿ ಯಾರು ನುಡಿಸ್ತಾರೆ?"

"ಯಾರೂ ನುಡಿಸಲ್ಲ. ನೋಡ್ತಾರೆ."

ಕಲಿಯಲು ಬಂದವರು ಹಲವರು. ನಾಲ್ಕು ಕೀರ್ತನೆ ಕೈಗೆ ಹತ್ತಿದ ಕೂಡಲೇ ಹೋದರು. ಉಳಿದವಳು ನಳಿನಿ. ಅವಳು ಆಚೆ ದಡದ ಹಳ್ಳಿಯವಳು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಬಟ್ಟೆ ಒಗೆಯಲು ಬಂದು, ನೀರಿನ ಮೇಲೆ ತೇಲಿ ಬಂದ ಈ ಪಿಟೀಲಿನ ದನಿ ಕೇಳುತ್ತ ಸೋಪನ್ನು ಹೊಳೆಪಾಲು ಮಾಡಿ ಬೈಸಿಕೊಂಡವಳು. ಆ ದನಿ ಗಾಜಿನೊಳಗೆ ಸೇರಿ ಮೂಕವಾಗುವುದನ್ನು ನೆನೆದರೇ ಅವಳಿಗೆ ಅಳು ಬಂತು.

"ನುಡಿಸ್ತೀನಿ," ಎಂದಳು.

"ಹಾಗಾದರೆ ಮೊದಲು ಒರೆಸಿ ಇಡು."

"ಹೇಗೆ ಒರೆಸಲಿ?"

"ಹಳೇ ಪಂಚೆಯ ತುಂಡು ತಗೋ. ತಂತಿಯ ಕೆಳಗೆ ರಾಳದ ಪುಡಿ ಕೂತಿರುತ್ತೆ, ಅದನ್ನು ತೆಗೆ. ನೀರು ಬೇಡ, ಎಣ್ಣೆ ಬೇಡ, ಅಂಗಡಿಯದ್ದು ಏನೂ ಬೇಡ."

"ಅಷ್ಟೇನಾ?"

"ಅಷ್ಟೇ. ಅದಕ್ಕಿಂತ ಹೆಚ್ಚು ಮಾಡೋಕೆ ಎಲ್ಲರಿಗೂ ಆಸೆ."

ನಳಿನಿ ಪಿಟೀಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕಮಾನಿಗೆ ತಿಕ್ಕುವ ರಾಳ ಪುಡಿಯಾಗಿ ಉದುರಿ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಸುತ್ತ ಬೆಳ್ಳಗೆ ಕೂತಿತ್ತು. ಮೆತ್ತನೆಯ ಬಟ್ಟೆಯಿಂದ ಅದನ್ನು ತೆಗೆದಳು. ತಂತಿಗಳನ್ನು ಒರೆಸಿದಳು. ಬಿರಡೆಗಳ ಸಂದಿಯ ಧೂಳು ಊದಿದಳು. ಮರ ತನ್ನ ಜೇನಿನ ಬಣ್ಣದಲ್ಲಿ ಹೊಳೆಯಿತು.

ಕೊನೆಗೆ ಸುರುಳಿಗೆ ಬಂದಳು.

ಪಿಟೀಲಿನ ತಲೆಯ ಭಾಗದಲ್ಲಿ ಮರವನ್ನು ಸುತ್ತಿ ಕೆತ್ತಿರುತ್ತಾರಲ್ಲ, ಅದೇ ಸುರುಳಿ. ಅದರ ಒಂದು ಮಗ್ಗುಲು ಕಪ್ಪಾಗಿತ್ತು. ಜಿಡ್ಡುಗಟ್ಟಿ ಒರಟಾಗಿತ್ತು. ಅದೇನೆಂದು ನಳಿನಿಗೆ ಗೊತ್ತಿತ್ತು. ಕಾಲಿನ ಕೊಳೆ.

ನಮ್ಮ ಕಡೆ ಪಿಟೀಲು ನುಡಿಸುವವರು ನೆಲದ ಮೇಲೆ ಕೂರುತ್ತಾರೆ. ಬಲಗಾಲನ್ನು ಸ್ವಲ್ಪ ಮುಂದಕ್ಕೆ ಚಾಚುತ್ತಾರೆ. ವಾದ್ಯದ ಒಂದು ತುದಿ ಎದೆಗೆ ಒತ್ತಿರುತ್ತದೆ, ಇನ್ನೊಂದು ತುದಿಯ ಸುರುಳಿ ಬಲಪಾದದ ಮೇಲೆ ಊರಿರುತ್ತದೆ. ಎದೆಗೂ ಪಾದಕ್ಕೂ ನಡುವೆ ಅದು ಭದ್ರವಾಗಿ ಕೂತರೆ ಮಾತ್ರ ಎಡಗೈ ತಂತಿಯ ಮೇಲೆ ನಿಶ್ಚಿಂತೆಯಿಂದ ಓಡಾಡಬಹುದು.

ಆದರೆ ನಳಿನಿ ಬೆಳೆದದ್ದು ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ. ಪಾಠದ ಪಿಟೀಲಿಗೆ ಅವಳು ದಿನವೂ ಮನಸ್ಸಿನಲ್ಲೇ ತಪ್ಪಾಯಿತು ಎಂದು ಹೇಳಿಕೊಂಡು ಹೇಗೋ ನಡೆಸಿಕೊಂಡು ಬಂದಿದ್ದಳು. ಇದು ದೊಡ್ಡ ಗುರುಗಳ ಪಿಟೀಲು. ದಿನವೂ ಹೂವು ಕುಂಕುಮ ಕಾಣುವ ಪಿಟೀಲು. ಅದರ ತಲೆಯ ಮೇಲೆ ಕಾಲಿನ ಕೊಳೆಯೇ?

ಪಂಚೆಯ ತುಂಡಿನಿಂದ ಎಷ್ಟು ತಿಕ್ಕಿದರೂ ಅದು ಹೋಗಲಿಲ್ಲ.

ಮಧ್ಯಾಹ್ನ ಅವಳು ಪಟ್ಟಣಕ್ಕೆ ಹೋಗಿ ಬಂದಳು. ಮರಗೆಲಸದ ಅಂಗಡಿಯಿಂದ ಒಂದು ಸೀಸೆ ಸ್ಪಿರಿಟ್ಟು, ಒಂದು ಸೀಸೆ ಫ್ರೆಂಚ್ ಪಾಲಿಶ್ ತಂದಳು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಸುರುಳಿಗೆ ತಿಕ್ಕಿದಳು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಕೊಳೆ ಬಂತು ಎಂದು ಅವಳಿಗೆ ಹಿಗ್ಗೋ ಹಿಗ್ಗು. ಮತ್ತೆ ತಿಕ್ಕಿದಳು, ಮತ್ತೆ ಬಂತು. ಮರ ಬಿಳುಪಾಗಿ ಕಾಣುವ ತನಕ ಬಿಡಲಿಲ್ಲ. ಆಮೇಲೆ ಪಾಲಿಶ್ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿದಳು. ಸುರುಳಿ ಕನ್ನಡಿಯಾಯಿತು.

ಅದನ್ನು ಎರಡೂ ಕೈಯಲ್ಲಿ ಹಿಡಿದು ಗುರುಗಳ ಮುಂದೆ ತಂದಿಟ್ಟಳು.

ಸೂರಪ್ಪನವರು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು. "ಒರೆಸಿದ ಹತ್ತಿ ಎಲ್ಲಿ?"

ನಳಿನಿ ತಂದು ತೋರಿಸಿದಳು. ಅವರು ಮೂಸಿ ನೋಡಿದರು.

"ಇದು ಬರೀ ಕೊಳೆ ಅಲ್ಲ ಕಣಮ್ಮ. ವಾರ್ನಿಶ್. ಸ್ಪಿರಿಟ್ ತಗುಲಿದರೆ ಕರಗಿ ಬಂದುಬಿಡುತ್ತೆ. ಕೊಳೆಯ ಜೊತೆ ಅದೂ ಹೋಯ್ತು."

ನಳಿನಿ ಹತ್ತಿಯನ್ನು ತಾನೂ ತೆಗೆದು ಮೂಸಿದಳು.

"ಪಿಟೀಲಿನ ಮೈಗೆ ಹಚ್ಚಿಲ್ಲ ತಾನೆ?"

"ಇಲ್ಲ ಗುರುಗಳೇ. ಸುರುಳಿಗೆ ಮಾತ್ರ."

"ಹಾಗಾದರೆ ದನಿ ಉಳಿದಿದೆ. ಕೂತ್ಕೋ. ನುಡಿಸು."

ನಳಿನಿ ಕೂತಳು. ಪಿಟೀಲಿಗೆ ನಮಸ್ಕಾರ ಮಾಡಿದಳು. ಸುರುಳಿಯನ್ನು ಪಾದದ ಹತ್ತಿರ ತಂದು ತಡೆದಳು. ಪಕ್ಕದಲ್ಲಿದ್ದ ರೇಷ್ಮೆ ವಸ್ತ್ರವನ್ನು ಮಡಿಸಿ ಪಾದದ ಮೇಲೆ ಹಾಸಿದಳು. ಅದರ ಮೇಲೆ ಸುರುಳಿಯನ್ನು ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಮುಟ್ಟಿಸಿದಳು ಎನ್ನಬೇಕು.

ಕಮಾನು ಎಳೆದಳು. ಸುರುಳಿ ಜಾರಿ ಚಾಪೆಗೆ ಬಡಿಯಿತು.

ಮತ್ತೆ ಇಟ್ಟಳು. ಮತ್ತೆ ಜಾರಿತು.

ಮೂರನೆಯ ಸಲ ಎಡಗೈಯಿಂದಲೇ ಪಿಟೀಲಿನ ಕತ್ತನ್ನು ಬಿಗಿಯಾಗಿ ಹಿಡಿದು ನುಡಿಸಿದಳು. ಸ್ವರಗಳೇನೋ ಬಂದವು. ಆದರೆ ಒಂದರಿಂದ ಇನ್ನೊಂದಕ್ಕೆ ಹರಿಯಲಿಲ್ಲ, ಜಿಗಿದವು. ಕೇಳಲು ಹಿತವಾಗಿರಲಿಲ್ಲ. ಹುಣಸೆ ಮರದ ಕೆಳಗಿದ್ದ ಆಡು ಕೂಡ ಎದ್ದು ಹೋಯಿತು.

"ಎಡಗೈ ಏನು ಮಾಡ್ತಿದೆ?" ಎಂದು ಗುರುಗಳು ಕೇಳಿದರು.

"ಬೀಳದ ಹಾಗೆ ಹಿಡ್ಕೊಂಡಿದೆ."

"ಮತ್ತೆ ನುಡಿಸೋರು ಯಾರು?"

ನಳಿನಿ ಕಮಾನು ಕೆಳಗಿಟ್ಟಳು. ಕಣ್ಣು ತುಂಬಿ ಬಂತು. "ಆ ಕೊಳೆ ಇದ್ದಿದ್ದರೆ ಜಾರ್ತಿರಲಿಲ್ಲ ಅಲ್ವಾ ಗುರುಗಳೇ?"

"ಜಾರ್ತಿರಲಿಲ್ಲ."

"ನಾನು ಹಾಳು ಮಾಡಿಬಿಟ್ಟೆ."

"ಹೌದು," ಎಂದರು ಸೂರಪ್ಪನವರು. ಸುಳ್ಳು ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ. "ಕಾಫಿ ಕುಡಿದೆಯಾ?"

"ನೀವೇ ಇದನ್ನು ಕಾಲ ಮೇಲೆ ಇಟ್ಟುಕೊಂಡು ಕೂರಿ ಗುರುಗಳೇ. ದಿನಾ ಸ್ವಲ್ಪ ಹೊತ್ತು. ಮತ್ತೆ ಗುರುತು ಬರಲಿ. ಆಮೇಲೆ ನಾನು..."

"ನನ್ನ ಕಾಲಿನ ಗುರುತು ಇಟ್ಟುಕೊಂಡು ನೀನೇನು ಮಾಡ್ತೀಯ? ನನ್ನ ಪಾದ ನೋಡು, ಮೊರದಷ್ಟಗಲ. ನಿನ್ನದು ಬೇರೆ. ಆ ಕೊಳೆ ಇದ್ದಿದ್ದರೂ ನಿನಗೆ ಸ್ವಲ್ಪ ದಿನ ಸಾಲ ಸಿಕ್ಕ ಹಾಗೆ ಇರ್ತಿತ್ತು, ಅಷ್ಟೇ."

"ಮತ್ತೆ ಏನು ಮಾಡಲಿ?"

"ಕಾಲಿಗೆ ಒಂದು ಚಿಟಿಕೆ ರಾಳ ಹಚ್ಕೊ. ಹಿಡಿಯುತ್ತೆ."

ನಳಿನಿ ಬೆಚ್ಚಿದಳು. ರಾಳದ ಗಟ್ಟಿ ಇದ್ದದ್ದು ಪಟದ ಮುಂದೆ, ಬೆಳ್ಳಿಯ ತಟ್ಟೆಯಲ್ಲಿ. ಅದರ ಮೇಲೆ ಅವಳೇ ಬೆಳಿಗ್ಗೆ ಕುಂಕುಮ ಇಟ್ಟಿದ್ದಳು.

"ಪೂಜೆಗಿಟ್ಟ ರಾಳ! ಅದನ್ನ ಕಾಲಿಗಾ?"

"ಕಾಲಿಗೆ."

"ಬೇರೆ ಏನು ಹೇಳಿದರೂ ಮಾಡ್ತೀನಿ ಗುರುಗಳೇ. ಅದೊಂದು ಬೇಡ."

"ಬೇರೆ ಏನೂ ಇಲ್ಲವಲ್ಲಮ್ಮ."

ಅವಳು ತಲೆ ಅಲ್ಲಾಡಿಸಿದಳು. ಸೂರಪ್ಪನವರು ಒತ್ತಾಯ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ನಳಿನಿ ಸ್ನಾನಕ್ಕೆ ಹೊಳೆಗೆ ಇಳಿಯುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ಗುರುಗಳು ಬೇವಿನ ಕಡ್ಡಿ ಅಗಿಯುತ್ತ ಕೂತಿದ್ದರು.

"ನಳಿನಿ, ನಿಂತ್ಕೋ. ಈ ಹೊಳೆ ಯಾರು?"

"ತಾಯಿ."

"ತಾಯಿಯ ಹತ್ತಿರ ಹೋದ ಕೂಡಲೇ ಮೊದಲು ಏನು ಮಾಡ್ತೀಯ?"

"ಬಗ್ಗಿ ನೀರು ಮುಟ್ಟಿ ತಲೆಗೆ ಹಚ್ಕೋತೀನಿ."

"ಸರಿ. ಆಮೇಲೆ?"

"ಇಳೀತೀನಿ."

"ಏನು ಇಟ್ಟು ಇಳೀತೀಯ?"

ನಳಿನಿ ತನ್ನ ಕಾಲನ್ನು ನೋಡಿಕೊಂಡಳು.

"ಹೇಳಮ್ಮ. ತಾಯಿಯ ಮೇಲೆ ಏನು ಇಟ್ಟು ಇಳೀತೀಯ?"

"ಕಾಲು."

"ಅಯ್ಯಯ್ಯೋ! ಬೈತಾಳಾ?"

"ಕಾಲಿಡದೆ ಇಳಿಯೋದು ಹೇಗೆ ಗುರುಗಳೇ?"

"ಅದನ್ನೇ ನಾನು ನಿನ್ನೆಯಿಂದ ಕೇಳ್ತಿರೋದು," ಎಂದು ಸೂರಪ್ಪನವರು ಬಾಯಿ ಮುಕ್ಕಳಿಸಿದರು.

ಆ ದಿನ ನಳಿನಿ ರೇಷ್ಮೆ ವಸ್ತ್ರವನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಬರಿಗಾಲಿನ ಮೇಲೆ ಸುರುಳಿಯನ್ನು ಇಟ್ಟು ಅಭ್ಯಾಸ ಮಾಡಿದಳು. ರಾಳದ ಕಡೆ ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ.

ನಿಧಾನವಾಗಿ ನುಡಿಸಿದರೆ ಪಿಟೀಲು ಹೇಗೋ ನಿಲ್ಲುತ್ತಿತ್ತು. ಸ್ವಲ್ಪ ವೇಗ ಹಿಡಿದರೆ, ಸ್ವಲ್ಪ ಮೈಮರೆತರೆ, ಜಾರುತ್ತಿತ್ತು. ಮೈಮರೆಯದೆ ನುಡಿಸುವುದನ್ನು ಅವಳು ಕಲಿತುಕೊಂಡಳು. ಅದು ಎಂಥ ಕೆಟ್ಟ ವಿದ್ಯೆ ಎಂದು ಸಂಗೀತ ಬಲ್ಲವರಿಗೆ ಹೇಳಬೇಕಾಗಿಲ್ಲ.

"ಆರಾಧನೆಗೆ ನಿಧಾನದ್ದೇ ಒಂದು ನುಡಿಸಿಬಿಡ್ತೀನಿ ಗುರುಗಳೇ," ಎಂದಳು.

"ನಿಧಾನ ಒಳ್ಳೆಯದೇ. ಆದರೆ ನೀನು ನಿಧಾನವಾಗಿ ನುಡಿಸ್ತಿಲ್ಲ. ಹೆದರಿ ನುಡಿಸ್ತಿದ್ದೀಯ."

"ನಿಮಗೆ ಹೆದರಿಕೆ ಆಗಲಿಲ್ಲವಾ? ಮೊದಲ ಸಲ ಈ ಪಿಟೀಲು ಕಾಲ ಮೇಲೆ ಇಟ್ಟುಕೊಂಡಾಗ?"

"ದೊಡ್ಡ ಗುರುಗಳು ಪಕ್ಕದಲ್ಲೇ ಕೂತು ಬೈತಿದ್ದರು. ಹೆದರಿಕೆಗೆ ಪುರುಸೊತ್ತೇ ಇರಲಿಲ್ಲ."

"ಏನಂತ ಬೈತಿದ್ದರು?"

"ಪಿಟೀಲು ಹಿಡಿಯೋ ಹಾಗೆ ಹಿಡಿ ಕತ್ತೆ, ಅಂತ."

ನಳಿನಿಗೆ ನಗು ಬಂತು. ಪಟದ ಕಡೆ ನೋಡಿದಳು. ಪಟದಲ್ಲಿದ್ದವರು ಯಾರನ್ನೂ ಕತ್ತೆ ಎಂದವರ ಹಾಗೆ ಕಾಣಲಿಲ್ಲ. ಶಾಲು ಹೊದ್ದು, ಹಾರದೊಳಗೆ, ದೇವರ ಹಾಗೆ ಕೂತಿದ್ದರು. ಅವಳ ನಗು ಅಲ್ಲೇ ನಿಂತಿತು.

ಆರಾಧನೆಯ ದಿನ ಬಂತು.

ಪಡಸಾಲೆಯನ್ನು ಸಾರಿಸಿ ರಂಗೋಲಿ ಹಾಕಿದ್ದರು. ಪಟಕ್ಕೆ ಹೊಸ ಹಾರ. ಸುತ್ತಲಿನ ಊರುಗಳಿಂದ ಸಂಗೀತ ಕೇಳುವವರು ಬಂದು ಚಾಪೆಗಳ ಮೇಲೆ ಕೂತರು. ಮುಂದಿನ ಸಾಲಿನಲ್ಲಿ ತಾಂಡವಮೂರ್ತಿ. ಅವರ ಪಕ್ಕದಲ್ಲಿ, ಬಿಳಿ ಬಟ್ಟೆ ಮುಚ್ಚಿದ ಗಾಜಿನ ಪೆಟ್ಟಿಗೆ. ಆ ಮನುಷ್ಯ ಅದನ್ನು ಜೊತೆಯಲ್ಲೇ ತಂದಿದ್ದರು.

ಅವರು ಬಗ್ಗಿ ಪಿಟೀಲನ್ನು ನೋಡಿದರು. ಸುರುಳಿಯನ್ನು ನೋಡಿ ಮುಖ ಅರಳಿತು.

"ಆಹಾ, ಏನು ಹೊಳಪು! ಇಷ್ಟು ಕಾಲ ಬಳಸಿದ ವಾದ್ಯ ಅಂತ ಹೇಳೋಕೇ ಆಗಲ್ಲ ಸ್ವಾಮಿ."

"ಹೌದು," ಎಂದರು ಸೂರಪ್ಪನವರು. "ಹೇಳೋಕೇ ಆಗಲ್ಲ."

ನಳಿನಿ ತಲೆ ತಗ್ಗಿಸಿದಳು.

"ಗಾಜಿನೊಳಗೆ ಇಟ್ಟರೆ ಹೀಗೇ ಇರುತ್ತೆ," ಎಂದು ತಾಂಡವಮೂರ್ತಿ ಭರವಸೆ ಕೊಟ್ಟರು. "ಅದಕ್ಕೆ ಏನೂ ಆಗಲ್ಲ."

"ಏನೂ ಆಗಲ್ಲ," ಎಂದು ಗುರುಗಳು ಒಪ್ಪಿಕೊಂಡರು.

ಮಂಗಳಾರತಿ ಆಯಿತು. ನಳಿನಿ ಪಟಕ್ಕೆ ನಮಸ್ಕಾರ ಮಾಡಿದಳು, ಪಿಟೀಲಿಗೆ ಮಾಡಿದಳು, ಗುರುಗಳಿಗೆ ಮಾಡಿದಳು, ಸಭೆಗೆ ಮಾಡಿದಳು, ಮತ್ತೊಮ್ಮೆ ಪಿಟೀಲಿಗೆ ಮಾಡಿದಳು. ಆಮೇಲೆ ಕೂತು ಶ್ರುತಿ ನೋಡಿ, ಸುರುಳಿಯನ್ನು ಪಾದಕ್ಕೆ ತಾಗಿಸಿ ಬಿಲಹರಿ ರಾಗ ಎತ್ತಿಕೊಂಡಳು.

ಮೊದಲ ಸ್ವರ ಚೆನ್ನಾಗಿಯೇ ಬಂತು. ಎಷ್ಟು ಚೆನ್ನಾಗಿ ಎಂದರೆ, ಅವಳು ಒಂದು ಕ್ಷಣ ಎಲ್ಲವನ್ನೂ ಮರೆತಳು.

ಸುರುಳಿ ಜಾರಿತು. ಠಕ್ ಎಂದು ನೆಲಕ್ಕೆ ಬಡಿಯಿತು. ಕಮಾನು ತಂತಿಗಳ ಮೇಲೆ ಅಡ್ಡಾದಿಡ್ಡಿ ಎಳೆದು ಕಿವಿ ಮುಚ್ಚಿಕೊಳ್ಳುವಂಥ ಸದ್ದಾಯಿತು.

ಕೆಲವರು ಚಾಪೆಯ ಎಳೆ ನೋಡುತ್ತ ಕೂತರು.

ನಳಿನಿ ಮತ್ತೆ ಶುರು ಮಾಡಿದಳು. ಈ ಸಲ ಎಡಗೈಯಿಂದ ಕತ್ತನ್ನು ಗಟ್ಟಿಯಾಗಿ ಹಿಡಿದಿದ್ದಳು. ಸ್ವರಗಳು ಗಂಟಲು ಕಟ್ಟಿದವರ ಮಾತಿನ ಹಾಗೆ ಬಂದವು. ನಾಲ್ಕು ಎಳೆತ ಎಳೆದು ಅವಳು ನಿಲ್ಲಿಸಿದಳು. ಕಮಾನನ್ನು ಕೆಳಗಿಟ್ಟಳು.

"ನನ್ನ ಕೈಲಿ ಆಗಲ್ಲ ಗುರುಗಳೇ," ಎಂದಳು. "ಅವರಿಗೇ ಕೊಟ್ಟುಬಿಡಿ. ಗಾಜಿನೊಳಗಾದರೂ ಚೆನ್ನಾಗಿರಲಿ."

ತಾಂಡವಮೂರ್ತಿಗೆ ಆ ಮಾತು ಕೇಳಿ ಸಂತೋಷವಾಗಬೇಕಿತ್ತು. ಪಾಪ, ಅವರು ಎಲ್ಲಿ ನೋಡಬೇಕೋ ತಿಳಿಯದೆ ಕನ್ನಡಕ ತೆಗೆದು ಒರೆಸತೊಡಗಿದರು.

ಸೂರಪ್ಪನವರು ಕೋಲೂರಿ ಎದ್ದರು. ಪಟದ ಮುಂದಿನ ತಟ್ಟೆಯಿಂದ ರಾಳದ ಗಟ್ಟಿ ತೆಗೆದುಕೊಂಡರು. ಕುಂಕುಮವನ್ನು ಪಂಚೆಯ ಅಂಚಿಗೆ ಒರೆಸಿದರು. ನಳಿನಿಯ ಎದುರು ಬಂದು, ಮಂಡಿ ಹಿಡಿದುಕೊಂಡು, ಉಸ್ಸೆಂದು ನೆಲದ ಮೇಲೆ ಕೂತರು. ಗಟ್ಟಿಯನ್ನು ಕಲ್ಲಿನ ನೆಲಕ್ಕೆ ಉಜ್ಜಿದರು. ಬಿಳಿ ಪುಡಿ ಬಿತ್ತು.

"ಕಾಲು ಕೊಡು," ಎಂದರು.

ನಳಿನಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಅಯ್ಯೋ, ಬೇಡ ಗುರುಗಳೇ! ನೀವು ನನ್ನ ಕಾಲು ಮುಟ್ಟೋದಾ? ನನಗೆ ಪಾಪ ಸುತ್ತಿಕೊಳ್ಳುತ್ತೆ!"

"ಬಂದಷ್ಟು ಪಾಪ ಅರ್ಧರ್ಧ ಹಂಚಿಕೊಳ್ಳೋಣ. ಕೊಡು."

ಹಿಂದಿನಿಂದ ಹಿರಿಯರೊಬ್ಬರು ತಡೆಯಲಾರದೆ ಕೇಳಿದರು. "ಸೂರಪ್ಪನವರೇ, ಏನಿದು? ಎಲ್ಲರ ಮುಂದೆ, ಶಿಷ್ಯೆಯ ಕಾಲು..."

"ಕಾಲಲ್ಲ ಸ್ವಾಮಿ," ಎಂದರು ಸೂರಪ್ಪನವರು, ತಿರುಗಿಯೂ ನೋಡದೆ. "ಪಿಟೀಲು ಕೂರೋ ಜಾಗ. ಸ್ವಲ್ಪ ಕೆಲಸ ಬಾಕಿ ಇತ್ತು."

ಅವರು ಕೈ ಚಾಚಿದರು. ಹಾಗೇ ಚಾಚಿಕೊಂಡು ಕೂತರು.

ನಳಿನಿ ಬಲಗಾಲನ್ನು ಮುಂದೆ ಇಟ್ಟಳು.

ಗುರುಗಳು ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ಅವಳ ಪಾದದ ಮೇಲೆ ಹಾಕಿ ಹೆಬ್ಬೆರಳಿನಿಂದ ಉಜ್ಜಿದರು. ಅವಸರವಿಲ್ಲದೆ ಉಜ್ಜಿದರು. ಬೆರಳಿನ ಬುಡದಿಂದ ಕಾಲಿನ ಗಿಣ್ಣಿನವರೆಗೆ, ಎಲ್ಲೂ ಬಿಡದ ಹಾಗೆ. ನಳಿನಿ ಕಣ್ಣು ಮುಚ್ಚಿಕೊಂಡಿದ್ದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಈಗ ಇಡು."

ಅವಳು ಸುರುಳಿಯನ್ನು ಪಾದಕ್ಕೆ ತಾಗಿಸಿದಳು.

"ತಾಗಿಸಬೇಡ. ಒತ್ತಿ ಇಡು."

"ನೋವಾಗುತ್ತೆ ಗುರುಗಳೇ."

"ಯಾರಿಗೆ?"

ನಳಿನಿ ಒತ್ತಿ ಇಟ್ಟಳು. ಸುರುಳಿಯ ಅಂಚು ಪಾದದ ಎಲುಬಿಗೆ ಒತ್ತಿ, ಅಲ್ಲೇ ಸಿಕ್ಕಿಕೊಂಡಿತು.

"ಎಡಗೈ ಬಿಡು."

"ಬಿದ್ದರೆ?"

"ನಾನಿಲ್ಲೇ ಕೂತಿದ್ದೀನಲ್ಲ. ಬಿಡು."

ಅವಳು ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯನ್ನು ಪೂರ್ತಿ ತೆಗೆದಳು.

ಪಿಟೀಲು ಅಲುಗಲಿಲ್ಲ. ಎದೆಗೂ ಪಾದಕ್ಕೂ ನಡುವೆ ತನ್ನಷ್ಟಕ್ಕೆ ತಾನು ನಿಂತಿತ್ತು. ನಳಿನಿ ಅದನ್ನೇ ನೋಡಿದಳು. ಅವಳಿಗೆ ನಂಬಿಕೆಯಾಗಲಿಲ್ಲ. ಕೈಯನ್ನು ಗಾಳಿಯಲ್ಲಿ ಎತ್ತಿ ಇಟ್ಟುಕೊಂಡೇ ಇನ್ನೊಂದು ಸಲ ನೋಡಿದಳು.

"ಎಷ್ಟು ಹೊತ್ತು ನೋಡ್ತೀಯ?" ಎಂದರು ಗುರುಗಳು. "ಜನ ಕಾಯ್ತಿದ್ದಾರೆ."

ಅವಳು ಕಮಾನು ಎತ್ತಿಕೊಂಡಳು.

ಬಿಲಹರಿ ಮತ್ತೆ ಶುರುವಾಯಿತು. ಮೊದಲು ಎಚ್ಚರದಿಂದ, ಆಮೇಲೆ ಧೈರ್ಯದಿಂದ, ಆಮೇಲೆ ಎರಡರ ನೆನಪೂ ಇಲ್ಲದೆ. ಎಡಗೈ ತಂತಿಯ ಮೇಲೆ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಒಂದು ಸ್ವರವನ್ನು ತೂಗಿ ಇನ್ನೊಂದರ ಕೈಗೆ ಕೊಟ್ಟಿತು. ಅವಳು ಹಿಂದೆಂದೂ ಹೀಗೆ ನುಡಿಸಿರಲಿಲ್ಲ. ಅಲ್ಲೊಂದು ಇಲ್ಲೊಂದು ತಪ್ಪೂ ಬಂತು. ಅವಳು ಅದಕ್ಕಾಗಿ ನಿಲ್ಲಲಿಲ್ಲ. ಅವಳಿಗೆ ಖುಷಿಯಾಗಿತ್ತು, ಆ ಖುಷಿ ಪಡಸಾಲೆಯಲ್ಲಿದ್ದ ಎಲ್ಲರಿಗೂ ಆಯಿತು. ಕಾಲಿನ ಬಗ್ಗೆ ಆಕ್ಷೇಪ ಎತ್ತಿದ್ದ ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಸೂರಪ್ಪನವರು ಎದ್ದು ತಮ್ಮ ಜಾಗಕ್ಕೆ ಹೋಗಲಿಲ್ಲ. ಅವಳ ಎದುರು ನೆಲದ ಮೇಲೇ ಕೂತು ಕೇಳಿದರು.

ರಾಗ ಮುಗಿಯಿತು.

ಸೂರಪ್ಪನವರು ತಾಂಡವಮೂರ್ತಿಯ ಕಡೆ ತಿರುಗಿದರು. "ನಿಮ್ಮ ಪೆಟ್ಟಿಗೆ ಖಾಲಿ ಉಳಿಯಿತಲ್ಲ ಸ್ವಾಮಿ. ಬೇಜಾರು ಮಾಡ್ಕೋಬೇಡಿ. ಬೇಕಾದರೆ ಗುರುಗಳ ಪಟ ಕೊಡ್ತೀನಿ. ಅದು ಹೇಗೂ ನುಡಿಯಲ್ಲ."

"ಅಯ್ಯೋ, ಪೆಟ್ಟಿಗೆ ಮನೆ ಹಾಳಾಗಲಿ," ಎಂದರು ತಾಂಡವಮೂರ್ತಿ. ಕನ್ನಡಕ ಇನ್ನೂ ಕೈಯಲ್ಲೇ ಇತ್ತು. "ಮಗು ಇನ್ನೊಂದು ನುಡಿಸುತ್ತಾ ಕೇಳಿ."

ನಳಿನಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವಳು ಅಳುತ್ತ ನಗುತ್ತ ಗುರುಗಳನ್ನೇ ನೋಡುತ್ತಿದ್ದಳು. ಕಮಾನನ್ನು ಪಕ್ಕಕ್ಕಿಟ್ಟು, ಪಿಟೀಲು ಕಾಲ ಮೇಲಿರುವಾಗಲೇ, ಅವರ ಪಾದ ಮುಟ್ಟಲು ಮುಂದಕ್ಕೆ ಬಗ್ಗಿದಳು.

ಸೂರಪ್ಪನವರು ಸೊಟ್ಟ ಬೆರಳುಗಳಿಂದ ಅವಳ ಭುಜವನ್ನು ತಡೆದು ಹಿಡಿದರು.

"ಬಗ್ಗಬೇಡ ಕಣಮ್ಮ, ಪಿಟೀಲು ಜಾರುತ್ತೆ."